ಅಪ್ಪನಿಗೆ ಖಿನ್ನತೆ ಅಂತ ಮಕ್ಕಳಿಗೆ ಹೇಳಬೇಕಾ, ಬೇಡವಾ?

ಅಡಿಕೆ ಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ, ಸ್ವಲ್ಪ ಅಡಿಕೆ ತೋಟ. ನಾನು ಇಲ್ಲೇ ಸೊಸೈಟಿಯಲ್ಲಿ ಕೆಲಸ ಮಾಡುತ್ತೇನೆ. ಎಲೆಚುಕ್ಕಿ ರೋಗ ಬಂದು ಫಸಲು ಕೈಕೊಟ್ಟ ಮೇಲೆ ನಮ್ಮ ಮನೆಯವರು ಪೂರ್ತಿ ಬದಲಾಗಿ ಹೋದರು. ಬೆಳಗಿನ ಜಾವ ಮೂರಕ್ಕೇ ಎಚ್ಚರ. ಎದ್ದರೂ ಹಾಸಿಗೆ ಬಿಡುವುದಿಲ್ಲ. ತೋಟದ ಕಡೆ ತಲೆ ಹಾಕುವುದಿಲ್ಲ. ಫೋನ್ ಬಂದರೆ ನನ್ನ ಕೈಗೆ ಕೊಡುತ್ತಾರೆ. ಮೊದಲು ಮೀನು ಸಾರು ಅಂದರೆ ಎರಡು ಸಲ ಬಡಿಸಿಕೊಳ್ಳುತ್ತಿದ್ದವರು ಈಗ ಅರ್ಧ ತಟ್ಟೆ ಬಿಟ್ಟು ಏಳುತ್ತಾರೆ. ‘ನಾನಿದ್ದು ಯಾರಿಗೆ ಏನು ಪ್ರಯೋಜನ’ ಅಂತ ಆಗಾಗ ಅನ್ನುತ್ತಾರೆ.

ಶಿವಮೊಗ್ಗದಲ್ಲಿ ತೋರಿಸಿದೆವು. ಡಾಕ್ಟರು ಖಿನ್ನತೆ ಅಂದರು, ಮಾತ್ರೆ ಬರೆದುಕೊಟ್ಟರು. ಇವರು ಒಂದು ವಾರ ತಗೊಂಡು, ಹೊಟ್ಟೆ ತೊಳೆಸುತ್ತದೆ, ಏನೂ ಉಪಯೋಗ ಇಲ್ಲ ಅಂತ ಬಿಟ್ಟರು. ಅತ್ತೆಯವರು ನಾಗದೋಷ ಅಂತ ಕುಕ್ಕೆಗೆ ಹೊರಡಿಸುತ್ತಿದ್ದಾರೆ.

ನನ್ನ ಪ್ರಶ್ನೆ ಬೇರೆ. ಮಗಳು ಐದನೇ ಕ್ಲಾಸು. ಮಗ ಇನ್ನೂ ಅಂಗನವಾಡಿ. ಮೊನ್ನೆ ಮಗಳು ಜಡೆ ಹಾಕಿಸಿಕೊಳ್ಳುವಾಗ ಕೇಳಿದಳು, ‘ಅಮ್ಮಾ, ಅಪ್ಪನಿಗೆ ನನ್ನ ಮೇಲೆ ಕೋಪನಾ?’ ಅಪ್ಪನಿಗೆ ಸುಸ್ತು ಅಂತ ಹೇಳಿ ಮಾತು ಮರೆಸಿದೆ. ಅವಳು ನಂಬಿದ ಹಾಗೆ ಕಾಣಲಿಲ್ಲ. ಅವಳಿಗೆ ನಿಜ ಹೇಳಬೇಕಾ? ಹೇಳುವುದಾದರೆ ಎಷ್ಟು ಹೇಳಬೇಕು?

ಜಯನಗರದ ತಾತ:
ಬೇಡಮ್ಮ. ದೊಡ್ಡವರ ಕಷ್ಟ ದೊಡ್ಡವರಲ್ಲೇ ಇರಲಿ. ಹತ್ತು ವರ್ಷದ ಕೂಸಿಗೆ ಮಾನಸಿಕ ಕಾಯಿಲೆ, ಗುಳಿಗೆ ಅಂತೆಲ್ಲ ತಲೆಗೆ ತುಂಬಿದರೆ ಅದು ಶಾಲೆಯಲ್ಲಿ ಹೇಳುತ್ತದೆ. ಶಾಲೆಯಿಂದ ಊರಿಗೆ ಎಷ್ಟು ದೂರ? ನಾಳೆ ಅದೇ ಹುಡುಗಿಗೆ ಗಂಡು ನೋಡುವಾಗ ‘ಅವರ ಮನೆತನದಲ್ಲಿ ತಲೆಯ ತೊಂದರೆ ಇದೆ’ ಅನ್ನುತ್ತಾರೆ. ನಾನು ಕಣ್ಣಾರೆ ಕಂಡಿದ್ದೇನೆ. ಅಪ್ಪನಿಗೆ ಬಿಪಿ ಇದೆ ಅಂತ ಹೇಳಿ ಸಾಕು.

ಮಂಡ್ಯ ಬೆಲ್ಲ:
ಎಲ್ಲರೂ ಮಕ್ಕಳ ವಿಷಯಕ್ಕೆ ಹೋಗುವ ಮೊದಲು ಒಂದು ಮಾತು. ‘ನಾನಿದ್ದು ಏನು ಪ್ರಯೋಜನ’ ಅನ್ನುವುದನ್ನು ಅಕ್ಕ ಮಧ್ಯದಲ್ಲಿ ಬರೆದು ಮುಂದೆ ಹೋಗಿದ್ದಾರೆ. ಮೊದಲು ನೋಡಬೇಕಾದದ್ದು ಅದು ಅಲ್ವಾ? ತಿಳಿದವರು ಯಾರಾದರೂ ಹೇಳಿ.

ಜಿಲ್ಲಾಸ್ಪತ್ರೆ ಬೆಂಚು:
ನಾನು ಮನೋವೈದ್ಯಕೀಯ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆ. ಮಂಡ್ಯದವರು ಹೇಳಿದ್ದು ಸರಿ.

ಅಕ್ಕ, ಇವತ್ತೇ ಒಬ್ಬರೇ ಇರುವಾಗ ನೇರವಾಗಿ ಕೇಳಿ: ‘ಸಾಯಬೇಕು ಅಂತ ಅನಿಸುತ್ತಾ ನಿಮಗೆ?’ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅಂತ ತುಂಬ ಜನ ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಕೇಳಿದ್ದಕ್ಕೇ ಹಗುರ ಆಯಿತು ಅಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರು ಹೌದು ಅಂದರೆ, ಅಥವಾ ಸುಮ್ಮನಾದರೆ, ಒಬ್ಬರನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅವರು ಏನೇ ಹೇಳಲಿ, ತೋಟಕ್ಕೆ ಹೊಡೆಯುವ ಔಷಧಿ ಯಾವುದೂ ಮನೆಯಲ್ಲಿ, ಕೊಟ್ಟಿಗೆಯಲ್ಲಿ ಇರಬಾರದು. ಬಾವ ಮೈದುನರ ಮನೆಗೆ ಸಾಗಿಸಿಬಿಡಿ. ಮನೆಯಲ್ಲಿರುವ ಮಾತ್ರೆಗಳೂ ನಿಮ್ಮ ಬೀಗದಲ್ಲಿರಲಿ. 14416 ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅವರು ಮಾಡದಿದ್ದರೂ ನೀವೇ ಫೋನ್ ಮಾಡಿ ಏನು ಮಾಡಲಿ ಅಂತ ಕೇಳಬಹುದು.

ಇನ್ನು ಮಾತ್ರೆ. ಮೊದಲ ವಾರ ಹೊಟ್ಟೆ ತೊಳೆಸುವುದು ತುಂಬ ಜನರಿಗೆ ಆಗುತ್ತದೆ. ಸಾಮಾನ್ಯವಾಗಿ ಆಮೇಲೆ ತಾನಾಗಿ ಕಡಿಮೆಯಾಗುತ್ತದೆ. ಗುಣ ಕಾಣುವುದಕ್ಕೆ ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ನಿಮ್ಮವರು ಕಷ್ಟದ ವಾರವನ್ನು ಅನುಭವಿಸಿ, ಒಳ್ಳೆಯ ವಾರ ಬರುವ ಮೊದಲೇ ಬಿಟ್ಟಿದ್ದಾರೆ. ಇದನ್ನು ಮಾತ್ರೆ ಬರೆಯುವಾಗಲೇ ಬಿಡಿಸಿ ಹೇಳಬೇಕಿತ್ತು. ಒಪಿಡಿ ಸಾಲು ನೋಡಿದರೆ ಯಾಕೆ ಹೇಳಲಿಲ್ಲ ಅಂತ ಗೊತ್ತಾಗುತ್ತದೆ. ಮತ್ತೆ ಹೋಗಿ, ಬಿಟ್ಟದ್ದನ್ನು ಮುಚ್ಚಿಡದೆ ಹೇಳಿ. ಡೋಸ್ ಕಡಿಮೆಯಿಂದ ಶುರು ಮಾಡಿಯಾರು, ಬೇರೆ ಮಾತ್ರೆ ಕೊಟ್ಟಾರು. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ನೋಡಿಲ್ಲದಿದ್ದರೆ ಅದನ್ನೂ ಕೇಳಿ. ಥೈರಾಯ್ಡ್ ಕಡಿಮೆಯಾದರೂ ಇದೇ ಥರ ಸುಸ್ತು, ಬೇಸರ ಇರುತ್ತದೆ. ಹುಷಾರಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸುವುದು ರೂಢಿ. ಇದು ಚಟ ಹಿಡಿಸುವ ಮಾತ್ರೆ ಅಲ್ಲ. ಆದರೆ ಒಂದೇ ಸಲ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಬರುತ್ತದೆ. ನಿಲ್ಲಿಸುವಾಗಲೂ ಡಾಕ್ಟರನ್ನು ಕೇಳಿ ನಿಧಾನಕ್ಕೆ ಇಳಿಸಬೇಕು.

ಮಕ್ಕಳ ವಿಷಯಕ್ಕೆ ಸಂಜೆ ಡ್ಯೂಟಿ ಮುಗಿಸಿ ಬರುತ್ತೇನೆ.

ಚಾಮುಂಡಿ ಬೆಟ್ಟದ ಕೆಳಗೆ:
ತಾತನವರಿಗೆ ನನ್ನ ಉತ್ತರ. ನಾನು ಆ ಹೇಳದೇ ಬೆಳೆದ ಕೂಸು.

ನಮ್ಮಮ್ಮನಿಗೆ ನನ್ನ ಎಂಟನೇ ವಯಸ್ಸಿನಿಂದ ಖಿನ್ನತೆ ಇತ್ತು ಅಂತ ನನಗೆ ಗೊತ್ತಾಗಿದ್ದು ಡಿಗ್ರಿ ಓದುವಾಗ. ಅದೂ ದೊಡ್ಡಮ್ಮ ಬಾಯಿ ತಪ್ಪಿ ಹೇಳಿದ್ದಕ್ಕೆ. ಮನೆಯಲ್ಲಿ ‘ಅಮ್ಮನಿಗೆ ತಲೆನೋವು’ ಅನ್ನುತ್ತಿದ್ದರು. ಹೇಳದೇ ಇದ್ದರೆ ಮಕ್ಕಳಿಗೆ ಗೊತ್ತಾಗುವುದಿಲ್ಲ ಅಂದುಕೊಳ್ಳಬೇಡಿ. ಶಾಲೆಯಿಂದ ಬಂದು ಚಪ್ಪಲಿ ಬಿಡುವಾಗಲೇ ನನಗೆ ತಿಳಿಯುತ್ತಿತ್ತು. ಅಡುಗೆಮನೆಯಲ್ಲಿ ಸದ್ದಿದ್ದರೆ ಅಮ್ಮ ಎದ್ದಿದ್ದಾರೆ. ಸದ್ದಿಲ್ಲದಿದ್ದರೆ ಇವತ್ತು ಮಾತಾಡಿಸಬಾರದು. ಗೊತ್ತಿಲ್ಲದ್ದು ಕಾರಣ ಒಂದೇ. ಆ ಖಾಲಿ ಜಾಗಕ್ಕೆ ನಾನು ನನ್ನನ್ನೇ ಇಟ್ಟುಕೊಂಡೆ. ನಾನು ಗಲಾಟೆ ಮಾಡಿದ್ದಕ್ಕೆ, ಗಣಿತದಲ್ಲಿ ಕಡಿಮೆ ಬಂದಿದ್ದಕ್ಕೆ, ತಮ್ಮನಿಗೆ ಹೊಡೆದಿದ್ದಕ್ಕೆ ಅಮ್ಮ ಮಲಗಿದ್ದಾರೆ ಅಂತ. ಕ್ಲಾಸಿಗೆ ಫಸ್ಟ್ ಬಂದರೆ ಏಳುತ್ತಾರೆ ಅಂದುಕೊಂಡೆ. ಫಸ್ಟ್ ಬಂದೆ. ಅವರು ಏಳಲಿಲ್ಲ. ಇನ್ನೂ ಜಾಸ್ತಿ ಓದಿದೆ.

ಎಲ್ಲಕ್ಕಿಂತ ನನಗೆ ಕೋಪ ಬರುವುದು ನೆಂಟರ ಮೇಲೆ. ಒಂಬತ್ತು ವರ್ಷಕ್ಕೆ ಕುಕ್ಕರ್ ಇಡುತ್ತಿದ್ದೆ, ತಮ್ಮನಿಗೆ ಊಟ ಮಾಡಿಸಿ ಹೋಂವರ್ಕ್ ಮಾಡಿಸುತ್ತಿದ್ದೆ. ಬಂದವರೆಲ್ಲ ‘ಎಷ್ಟು ಜಾಣ ಮರಿ, ಅಮ್ಮನಿಗೆ ಬಲಗೈ’ ಅಂತ ಹೊಗಳಿ ಕಾಫಿ ಕುಡಿದು ಹೋದರು. ನಿನಗೆ ಯಾರು ಊಟ ಹಾಕುತ್ತಾರೆ ಅಂತ ಒಬ್ಬರೂ ಕೇಳಲಿಲ್ಲ. ತಮ್ಮ ಗಲಾಟೆ ಮಾಡುತ್ತಿದ್ದ, ಅವನಿಗೆ ಬೈಗುಳವಾದರೂ ಸಿಕ್ಕಿತು. ನಾನು ಸುಮ್ಮನಿದ್ದೆ, ನನ್ನನ್ನು ಯಾರೂ ನೋಡಲೇ ಇಲ್ಲ.

ಅಡಿಕೆ ಮನೆ ಅಕ್ಕ, ನಿಮ್ಮ ಮಗಳು ಬಾಯಿಬಿಟ್ಟು ಕೇಳಿದ್ದಾಳೆ. ಅದು ದೊಡ್ಡ ವಿಷಯ. ನಾನು ಯಾವತ್ತೂ ಕೇಳಲಿಲ್ಲ. ಅವಳು ಕೇಳುವುದನ್ನು ನಿಲ್ಲಿಸುವ ಮೊದಲು ಹೇಳಿಬಿಡಿ.

ಜಯನಗರದ ತಾತ:
ಓದಿ ಬೇಜಾರಾಯಿತಮ್ಮ. ಆದರೂ ಊರಿನ ಬಾಯಿ ಮುಚ್ಚುವುದು ಹೇಗೆ ಅಂತ ನೀವು ಯಾರೂ ಹೇಳಲಿಲ್ಲ.

ಹುಬ್ಬಳ್ಳಿ ಗಿರ್ಮಿಟ್:
ನೋಡ್ರಿ ಅಕ್ಕಾರ, ನಿಮ್ಮ ಯಜಮಾನ್ರ ಜಾಗದಾಗ ನಾನು ಕೂತು ಎದ್ದು ಬಂದೀನಿ. ಅವರ ಕಡೆಯಿಂದ ನಾಲ್ಕು ಮಾತು ಹೇಳ್ತೀನಿ. ಬರವಣಿಗೆ ಭಾಷೆಯಲ್ಲೇ ಬರೀತೀನಿ, ಎಲ್ಲರಿಗೂ ತಿಳಿಯಲಿ.

ಗಂಡಸರಿಗೆ ಇದು ಯಾವಾಗಲೂ ಅಳುವಿನ ರೂಪದಲ್ಲಿ ಬರುವುದಿಲ್ಲ. ನನಗೆ ಸಿಟ್ಟಾಗಿ ಬಂತು. ಮಗ ಪೆನ್ಸಿಲ್ ಬೀಳಿಸಿದರೂ ಮೈ ಉರಿಯುತ್ತಿತ್ತು. ಕೂಗಾಡಿ, ಹತ್ತು ನಿಮಿಷ ಬಿಟ್ಟು ‘ಎಂಥ ತಂದೆ ನಾನು’ ಅಂತ ಬಚ್ಚಲಮನೆಯಲ್ಲಿ ನಿಲ್ಲುತ್ತಿದ್ದೆ. ಸಂಜೆ ಒಂದು ಪೆಗ್ ಇದ್ದದ್ದು ಮೂರಾಯಿತು. ಮನೆಯವರು ಕುಡಿತ ಕೆಡಿಸಿತು ಅಂದರು. ಧಾರವಾಡದ ಡಿಮ್ಹಾನ್ಸ್‌ನಲ್ಲಿ ಡಾಕ್ಟರು ಎರಡನ್ನೂ ಹಿಡಿದರು: ಮನಸ್ಸಿಗೆ ಆಗದ್ದಕ್ಕೆ ಕುಡಿತ, ಕುಡಿದದ್ದಕ್ಕೆ ಮನಸ್ಸು ಮತ್ತಷ್ಟು ಕೆಳಗೆ.

ಒಳಗೆ ಹೇಗಿರುತ್ತದೆ ಗೊತ್ತೇನು? ಮಕ್ಕಳ ಮೇಲೆ ಪ್ರೀತಿ ಹೋಗಿರುವುದಿಲ್ಲ. ಪ್ರೀತಿ ಇದೆ ಅಂತ ತಲೆಗೆ ಗೊತ್ತಿರುತ್ತದೆ, ಎದೆಗೆ ತಾಕುವುದಿಲ್ಲ. ಮಗ ಓಡಿ ಬಂದು ಚಿತ್ರ ತೋರಿಸಿದರೆ, ಛಲೋ ಐತಿ ಅನ್ನಲಿಕ್ಕೆ ಬಾಯಿ ತೆರೆಯುವುದೇ ಗುಡ್ಡ ಹತ್ತಿದಷ್ಟು ಕಷ್ಟ. ‘ಮಕ್ಕಳ ಮುಖ ನೋಡಿಯಾದರೂ ಏಳ್ರಿ’ ಅಂತ ಎಲ್ಲರೂ ಹೇಳುತ್ತಿದ್ದರು. ಅಕ್ಕಾರ, ದಯವಿಟ್ಟು ಅದೊಂದು ಮಾತು ಬೇಡ. ಮಕ್ಕಳ ಮುಖ ನೋಡಿಯೂ ಏಳಲಾಗದ ಪಾಪಿ ನಾನು ಅಂತ ಆ ಮಾತು ಚುಚ್ಚುತ್ತದೆ.

ನನ್ನ ಹೆಂಡತಿ ಮಾಡಿದ್ದು ಇಷ್ಟು. ‘ಹೊರಗೆ ಬಾ, ಚಟುವಟಿಕೆಯಿಂದಿರು’ ಅನ್ನಲಿಲ್ಲ. ಒಂದು ಸಣ್ಣ ಕೆಲಸ ನನಗೇ ಅಂತ ಇಟ್ಟಳು. ಸಂಜೆ ಮಗನನ್ನು ಓಣಿ ತುದಿಯ ಅಂಗಡಿವರೆಗೆ ಕರೆದುಕೊಂಡು ಹೋಗಿ ಹಾಲಿನ ಪಾಕೀಟು ತರಬೇಕು. ಮನಸ್ಸಿರಲಿ ಇಲ್ಲದಿರಲಿ, ಮಾತಾಡಲಿ ಬಿಡಲಿ. ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕರು ಹೇಳಿಕೊಟ್ಟಿದ್ದಂತೆ. ಮನಸ್ಸು ಬಂದ ಮೇಲೆ ಕೆಲಸ ಮಾಡುತ್ತೇನೆ ಅಂತ ಕಾಯಬಾರದು, ಕೆಲಸದ ಹಿಂದೆ ಮನಸ್ಸು ನಿಧಾನಕ್ಕೆ ಬರುತ್ತದೆ. ಮಗನಿಗೆ ಅಷ್ಟೇ ಸಾಕಾಗಿತ್ತು. ಅವನೇ ದಾರಿಯುದ್ದಕ್ಕೂ ಕ್ರಿಕೆಟ್ ಸ್ಕೋರ್ ಹೇಳುತ್ತಿದ್ದ. ನಾನು ಹೂಂ ಅನ್ನುತ್ತಿದ್ದೆ.

ಮಂಡ್ಯ ಬೆಲ್ಲ:
ಗಿರ್ಮಿಟ್ ಅಣ್ಣ, ನೀವು ಹೇಳಿದ ‘ಎದೆಗೆ ತಾಕುವುದಿಲ್ಲ’ ಅನ್ನುವುದನ್ನು ನನ್ನ ಹೆಂಡತಿ ಬಾಣಂತನದಲ್ಲಿ ಹೇಳಿದ್ದಳು. ಹೆಣ್ಣು ಮಗು ಆದದ್ದಕ್ಕೆ ನಮ್ಮ ಕಡೆಯವರು ಮುಖ ಸಣ್ಣ ಮಾಡಿದ್ದರು, ಅದೂ ಸೇರಿಕೊಂಡಿತು. ‘ಮಗು ಬೇರೆಯವರದ್ದು ಅನಿಸುತ್ತೆ’ ಅಂತ ಅಳುತ್ತಿದ್ದಳು. ಬಾಣಂತಿ ಅಳಬಾರದು, ಹಾಲು ಕೆಡುತ್ತದೆ ಅಂತ ಬೈದರೇ ಹೊರತು ಯಾಕೆ ಅಳುತ್ತಿದ್ದಾಳೆ ಅಂತ ಕೇಳಲಿಲ್ಲ. ಕೊನೆಗೆ ಕಂಡುಹಿಡಿದದ್ದು ಮಗುವಿಗೆ ಲಸಿಕೆ ಹಾಕಿಸಲು ಹೋದಾಗ ನರ್ಸ್ ಸಿಸ್ಟರ್. ಹತ್ತು ಪ್ರಶ್ನೆಯ ಒಂದು ಹಾಳೆ ಓದಿ ಕೇಳಿದರು. ಹಾಲು ಕುಡಿಸುತ್ತಲೇ ತಗೊಳ್ಳಬಹುದಾದ ಮಾತ್ರೆ ಕೊಟ್ಟರು. ಈಗ ತಾಯಿ ಮಗಳು ಸೇರಿ ನನ್ನನ್ನೇ ಆಟ ಆಡಿಸುತ್ತಾರೆ.

ಜಿಲ್ಲಾಸ್ಪತ್ರೆ ಬೆಂಚು:
ಆ ಹಾಳೆ ಎಡಿನ್‌ಬರೊ ಸ್ಕೇಲ್ ಇರಬೇಕು. 1987ರಲ್ಲಿ ಬಂದದ್ದು, ಕನ್ನಡದಲ್ಲೂ ಇದೆ. ಮತ್ತೆ ಹೆಣ್ಣು ಮಗುವಿನ ವಿಷಯ ಬರೀ ನಿಮ್ಮ ಮನೆಯದ್ದಲ್ಲ. ಗೋವಾದಲ್ಲಿ ವಿಕ್ರಮ್ ಪಟೇಲ್ ಅವರ ತಂಡ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಬಡತನ, ಗಂಡನ ಹೊಡೆತದ ಜೊತೆಗೆ ಇದು ಸೇರಿದೆ. ಗಂಡು ಬೇಕು ಅಂತಿದ್ದ ಮನೆಯಲ್ಲಿ ಹೆಣ್ಣಾದರೆ ತಾಯಿಗೆ ಖಿನ್ನತೆಯ ಅಪಾಯ ಹೆಚ್ಚು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಹೆರಿಗೆಯಾಗಿ ಮೂರ್ನಾಲ್ಕನೇ ದಿನಕ್ಕೆ ಸುಮ್ನೆ ಅಳು ಬಂದು ಎರಡು ವಾರದೊಳಗೆ ಹೋದರೆ ಹೆದರಬೇಕಿಲ್ಲ. ಅದಕ್ಕಿಂತ ಮುಂದುವರಿದರೆ ತೋರಿಸಿ. ಆದರೆ ನಿದ್ದೆಯೇ ಇಲ್ಲ, ಇಲ್ಲದ ದನಿ ಕೇಳುತ್ತದೆ, ಮಗು ದೆವ್ವ ಅಥವಾ ದೇವರು ಅನ್ನುತ್ತಾಳೆ, ಅಂದರೆ ಹಳ್ಳಿಯಲ್ಲಿ ಬಾಣಂತಿ ಸನ್ನಿ ಅನ್ನುವುದು, ಆಗ ಒಂದು ರಾತ್ರಿಯೂ ಕಾಯಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವ ವಾರ್ಡು 2009ರಿಂದ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡಬಾರದು ಅಂತಿದೆ. ಮಗುವಿಗೆ ಅಪಾಯ ಇದ್ದರೆ ಮಾತ್ರ ಸ್ವಲ್ಪ ದಿನ ಬೇರೆ ಇಡುತ್ತಾರೆ.

ಈಗ ಅಕ್ಕನ ಪ್ರಶ್ನೆ. ಹೇಳಿ. ಚಿಕ್ಕವನಿಗೆ ಒಂದು ವಾಕ್ಯ ಸಾಕು: ‘ಅಪ್ಪನಿಗೆ ಹುಷಾರಿಲ್ಲ, ಔಷಧಿ ತಗೊಳ್ತಿದ್ದಾರೆ, ಅದಕ್ಕೇ ಆಟಕ್ಕೆ ಬರ್ತಿಲ್ಲ.’ ಮಗಳಿಗೆ ಕಾಯಿಲೆಯ ಹೆಸರನ್ನೇ ಹೇಳಿ. ಹೆಸರಿಲ್ಲದಿದ್ದರೆ ಅವಳು ಅದಕ್ಕಿಂತ ದೊಡ್ಡದನ್ನು ಊಹಿಸುತ್ತಾಳೆ. ಅಪ್ಪ ಸಾಯುತ್ತಾರಾ, ಅಪ್ಪ ಅಮ್ಮ ಬಿಟ್ಟು ಹೋಗುತ್ತಾರಾ ಅಂತ. ಖಿನ್ನತೆ ಅಂತ ಒಂದು ಕಾಯಿಲೆ, ನಿದ್ದೆ, ಹಸಿವು, ಮಾತು, ನಗು ಎಲ್ಲವನ್ನೂ ಕಡಿಮೆ ಮಾಡುತ್ತದೆ ಅನ್ನಿ. ‘ನಿನ್ನಿಂದ ಬಂದದ್ದಲ್ಲ’ ಅನ್ನುವುದನ್ನು ಅವಳು ಕೇಳದಿದ್ದರೂ ಹೇಳಿ, ಮತ್ತೆ ಮತ್ತೆ ಹೇಳಿ. ಅಪ್ಪನನ್ನು ಹುಷಾರು ಮಾಡುವುದು ಡಾಕ್ಟರ ಕೆಲಸ, ನಿನ್ನ ಕೆಲಸ ಆಡುವುದು, ಓದುವುದು ಅನ್ನಿ. ಸಾಲ ಎಷ್ಟು, ಅತ್ತೆ ಏನಂದರು, ಸಾಯುವ ಮಾತು ಇದ್ಯಾವುದೂ ಅವಳ ಕಿವಿಗೆ ಬೇಡ. ‘ಅಪ್ಪನ ಮೇಲೆ ಒಂದು ಕಣ್ಣಿಡು’ ಅಂತ ಕಾವಲಿಗೆ ಹಚ್ಚುವುದಂತೂ ಬೇಡವೇ ಬೇಡ. ಆಗುವುದಾದರೆ ಅಪ್ಪನೂ ಪಕ್ಕದಲ್ಲಿದ್ದು, ಒಂದೇ ಮಾತಾದರೂ ಅವರ ಬಾಯಿಂದ ಬರಲಿ.

ತಾತನವರ ಊರಿನ ಬಾಯಿ. ಸರ್, ನಿಮ್ಮ ಭಯ ಸುಳ್ಳಲ್ಲ. ಮಗುವಿಗೆ ಹೇಳುವುದು ಬೇರೆ, ಬೀದಿಗೆ ಹೇಳುವುದು ಬೇರೆ. ‘ಯಾರಿಗೂ ಹೇಳಬೇಡ’ ಅಂದರೆ ಅದು ನಾಚಿಕೆಯ ವಿಷಯ ಅಂತ ಮಗು ತಿಳಿಯುತ್ತದೆ. ಅದರ ಬದಲು ಹೆಸರು ಹೇಳಿ: ‘ಇದನ್ನು ಅತ್ತೆ ಹತ್ತಿರ ಮಾತಾಡಬಹುದು, ನಿಮ್ಮ ಟೀಚರ್ ಹತ್ತಿರ ಮಾತಾಡಬಹುದು. ಬೇರೆ ಯಾರಾದರೂ ಕೇಳಿದರೆ ಅಪ್ಪನಿಗೆ ಹುಷಾರಿಲ್ಲ ಅಂದರೆ ಸಾಕು.’ ಬಿಪಿ ಅಂತ ಸುಳ್ಳು ಹೇಳಿದರೆ ಮಾತ್ರೆ ಚೀಟಿ ಓದುವ ವಯಸ್ಸಿಗೆ ಸಿಕ್ಕಿಬೀಳುತ್ತೀರಿ. ಹತ್ತು ವರ್ಷದವರು ಈಗ ಗೂಗಲ್ ನೋಡುತ್ತಾರೆ.

ಚಾಮುಂಡಿ ಬೆಟ್ಟದ ಕೆಳಗೆ:
ಮೇಡಂ, ನನಗೊಂದು ಭಯ. ಅಮ್ಮನಿಗೆ ಬಂದದ್ದು ನನಗೂ ಬರುತ್ತದಾ? ನನಗೂ ಈಗ ಒಬ್ಬಳು ಮಗಳಿದ್ದಾಳೆ.

ಜಿಲ್ಲಾಸ್ಪತ್ರೆ ಬೆಂಚು:
ಅಪ್ಪ ಅಥವಾ ಅಮ್ಮನಿಗೆ ಖಿನ್ನತೆ ಇದ್ದರೆ ಮಕ್ಕಳಿಗೆ ಬರುವ ಅಪಾಯ ಬೇರೆಯವರಿಗಿಂತ ಎರಡು ಮೂರು ಪಟ್ಟು ಅನ್ನುತ್ತಾರೆ. ಬಂದೇ ಬರುತ್ತದೆ ಅಂತ ಅಲ್ಲ. ರಕ್ತದ ಪಾಲು ಸ್ವಲ್ಪ, ಮನೆಯ ವಾತಾವರಣದ ಪಾಲು ಸ್ವಲ್ಪ. ಎರಡನೆಯದನ್ನು ಬದಲಾಯಿಸಬಹುದು. ಅಮೆರಿಕದಲ್ಲಿ ಮಿರ್ನಾ ವೈಸ್‌ಮನ್ ಮತ್ತು ಜೊತೆಯವರು 2006ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನಗೆ ಇಷ್ಟ. ಚಿಕಿತ್ಸೆ ಪಡೆಯುತ್ತಿದ್ದ ತಾಯಂದಿರ ಮಕ್ಕಳನ್ನು ನೋಡಿದರು. ಮೂರು ತಿಂಗಳಲ್ಲಿ ಯಾರ ತಾಯಿ ಗುಣವಾದರೋ ಆ ಮಕ್ಕಳ ತೊಂದರೆಗಳೂ ಕಡಿಮೆಯಾದವು. ಗುಣವಾಗದವರ ಮಕ್ಕಳಲ್ಲಿ ಹೆಚ್ಚಾದವು. ಮಕ್ಕಳಿಗೆ ಅಂತ ಬೇರೆ ಏನೂ ಮಾಡಿರಲಿಲ್ಲ. ‘ನನಗೇನೂ ಬೇಡ, ಮಕ್ಕಳನ್ನು ನೋಡಿ’ ಅನ್ನುವ ಅಮ್ಮಂದಿರಿಗೆ ನಾನು ಇದನ್ನೇ ಹೇಳಿ ಮಾತ್ರೆ ನುಂಗಿಸುತ್ತೇನೆ.

ತಂಪೆರೆ ಕನ್ನಡಿಗ:
ಫಿನ್‌ಲ್ಯಾಂಡಿನಿಂದ. ಎರಡು ವರ್ಷದ ಹಿಂದೆ ನನಗೇ ಖಿನ್ನತೆ ಆಗಿ ಇಲ್ಲಿಯ ಡಾಕ್ಟರ ಹತ್ತಿರ ಹೋದಾಗ, ಅವರು ಬೇಗ ಕೇಳಿದ ಪ್ರಶ್ನೆಗಳಲ್ಲೊಂದು ‘ಮನೆಯಲ್ಲಿ ಮಕ್ಕಳಿದ್ದಾರಾ? ಅವರಿಗೆ ಏನು ಗೊತ್ತು?’ ನನಗೆ ಸಿಟ್ಟು ಬಂತು. ಕಾಯಿಲೆ ನನ್ನದು, ಮಕ್ಕಳು ಯಾಕೆ ಅಂತ. ಆಮೇಲೆ ತಿಳಿಯಿತು, ದೊಡ್ಡವರಿಗೆ ಚಿಕಿತ್ಸೆ ಕೊಡುವವರು ಮನೆಯ ಮಕ್ಕಳನ್ನೂ ವಿಚಾರಿಸಬೇಕು ಅಂತ ಇಲ್ಲಿ ಕಾನೂನೇ ಇದೆ. ಮಕ್ಕಳ ಮನೋವೈದ್ಯೆ ತ್ಯುತ್ತಿ ಸೋಲಂತೌಸ್ ರೂಪಿಸಿದ ‘ಮಕ್ಕಳ ಬಗ್ಗೆ ಮಾತಾಡೋಣ’ ಅನ್ನುವ ಪದ್ಧತಿಯಲ್ಲಿ ನಮ್ಮನ್ನು ಕೂರಿಸಿ ಮಾತಾಡಿದರು. ಮಗುವಿಗೆ ಏನು ಚೆನ್ನಾಗಿ ನಡೆಯುತ್ತಿದೆ, ಅದನ್ನು ಹೇಗೆ ಕೆಡದಂತೆ ಉಳಿಸಿಕೊಳ್ಳುವುದು ಅಂತಲೇ ಜಾಸ್ತಿ ಕೇಳಿದರು. ಮಗನ ಈಜು ಕ್ಲಾಸು ತಪ್ಪಬಾರದು, ರಾತ್ರಿ ಊಟದ ಹೊತ್ತು ಬದಲಾಗಬಾರದು, ಇಂಥವು. ಇಲ್ಲಿ ಅಜ್ಜಿ ಇಲ್ಲ, ಅತ್ತೆ ಇಲ್ಲ. ಊರಿನಲ್ಲಿ ಇಷ್ಟು ಜನ ಇದ್ದೂ ಮಗು ಒಂಟಿಯಾಗುವುದು ನೋಡಿದರೆ ಆಶ್ಚರ್ಯ.

ಹೈಸ್ಕೂಲ್ ಮೇಷ್ಟ್ರು:
ಶಾಲೆಯ ಕಡೆಯಿಂದ ಒಂದು ಮಾತು. ಮಕ್ಕಳ ಖಿನ್ನತೆ ದೊಡ್ಡವರ ಥರ ಕಾಣುವುದಿಲ್ಲ. ಸೋಮವಾರ ಬೆಳಗ್ಗೆ ಹೊಟ್ಟೆನೋವು, ಮುಟ್ಟಿದರೆ ಸಿಡುಕು, ಕಬಡ್ಡಿ ಬಿಟ್ಟು ಬೆಂಚಿಗೆ ಅಂಟಿಕೊಳ್ಳುವುದು. ಇಂಥ ಮಗುವಿಗೆ ಮನೆಯಲ್ಲಿ ಏನಾಗಿದೆ ಅಂತ ನಮಗೆ ಗೊತ್ತಿಲ್ಲದಿದ್ದರೆ ನಾವೂ ಸೋಮಾರಿ ಅಂತ ಬೆಂಚಿನ ಮೇಲೆ ನಿಲ್ಲಿಸಿಬಿಡುತ್ತೇವೆ. ಒಬ್ಬ ಟೀಚರಿಗಾದರೂ ಹೇಳಿಡಿ ತಂಗಿ.

ಅಡಿಕೆ ಮನೆ:
ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಆ ಪ್ರಶ್ನೆ ಕೇಳಿದೆ. ‘ಆ ಯೋಚನೆ ಬರುತ್ತದೆ, ಮಾಡಿಕೊಳ್ಳುವ ಧೈರ್ಯ ಇಲ್ಲ’ ಅಂದರು. ಕೈಕಾಲು ತಣ್ಣಗಾಯಿತು. 14416ಕ್ಕೆ ಫೋನ್ ಮಾಡಿದೆ, ಅಲ್ಲಿಯವರು ಇವರೊಂದಿಗೂ ಮಾತಾಡಿದರು. ನಮ್ಮ ಬಾವ ಬಂದು ಔಷಧಿ ಡಬ್ಬಗಳನ್ನೆಲ್ಲ ಜೀಪಿಗೆ ಹಾಕಿಕೊಂಡು ಹೋದರು, ರಾತ್ರಿ ಇಲ್ಲೇ ಉಳಿಯುತ್ತಿದ್ದಾರೆ. ಮಾರನೇ ದಿನವೇ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಮಾತ್ರೆ ಅರ್ಧದಿಂದ ಶುರು ಮಾಡಿದ್ದಾರೆ, ಊಟದ ಮೇಲೆ. ಅತ್ತೆಯವರಿಗೆ ಡಾಕ್ಟರೇ ‘ಕುಕ್ಕೆಗೂ ಹೋಗಿ ಬನ್ನಿ, ಮಾತ್ರೆ ಚೀಲದಲ್ಲಿರಲಿ’ ಅಂದರು. ಅವರಿಗೆ ಸಮಾಧಾನ.

ಮಗಳಿಗೆ ಹೇಳಿದೆವು. ಇವರೂ ಪಕ್ಕದಲ್ಲಿ ಕೂತಿದ್ದರು. ‘ನಿನ್ನ ಮೇಲೆ ಕೋಪ ಇಲ್ಲ ಪುಟ್ಟಿ’ ಅಂದರು, ಅಷ್ಟೇ. ಅವಳು ‘ಖಿನ್ನತೆಗೆ ಇಂಜೆಕ್ಷನ್ ಇಲ್ವಾ’ ಅಂತ ಕೇಳಿದಳು. ಆಮೇಲೆ ಟಿವಿ ಹಾಕಿಕೊಂಡಳು. ಇಷ್ಟೇನಾ ಅನಿಸಿತು ನನಗೆ.

ಒಂದು ತೊಂದರೆ. ಪ್ರತಿ ಸಲ ಶಿವಮೊಗ್ಗಕ್ಕೆ ಹೋಗುವುದು ಅಂದರೆ ನನಗೆ ರಜೆ ಇಲ್ಲ. ಹತ್ತಿರದಲ್ಲಿ ಏನಾದರೂ ಇದೆಯಾ?

ಜಿಲ್ಲಾಸ್ಪತ್ರೆ ಬೆಂಚು:
ಮಕ್ಕಳು ಹಾಗೇ, ಒಂದು ತುತ್ತು ಕೇಳಿ ಆಟಕ್ಕೆ ಹೋಗುತ್ತಾರೆ. ಇನ್ನೊಂದು ದಿನ ಇನ್ನೊಂದು ಪ್ರಶ್ನೆ ತರುತ್ತಾಳೆ, ರೆಡಿ ಇರಿ. ಬಾವ ಸದ್ಯಕ್ಕೆ ಉಳಿಯಲಿ. ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಚಡಪಡಿಕೆ ಹೆಚ್ಚಾದರೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ.

ಹತ್ತಿರದ್ದು ಇದೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಆಸ್ಪತ್ರೆಗೆ ಫೋನ್ ಮಾಡಿ ಕೇಳಿಕೊಳ್ಳಿ, ಇಲ್ಲದಿದ್ದರೆ ಆಶಾ ಅವರನ್ನು ಕೇಳಿ. ಸ್ಟಾಕ್ ಇದ್ದರೆ ಮಾತ್ರೆ ಅಲ್ಲೇ ಉಚಿತ.

ಜಯನಗರದ ತಾತ:
ಮಂಗಳವಾರ ಹೋಗುವಾಗ ಏನೇನು ತಗೊಂಡು ಹೋಗಬೇಕು ಅಂತಲೂ ಹೇಳಿಬಿಡಿ ಮೇಡಂ, ಮತ್ತೆ ಓಡಾಟ ಆಗದಿರಲಿ. ಇಲ್ಲೂ ಒಬ್ಬರಿಗೆ ಬೇಕಾಗಿದೆ.

ಜಿಲ್ಲಾಸ್ಪತ್ರೆ ಬೆಂಚು:
ಹಳೆಯ ಚೀಟಿ, ರಕ್ತದ ರಿಪೋರ್ಟು, ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪು. ಬಿಪಿ, ಸಕ್ಕರೆ ಮಾತ್ರೆ ಇದ್ದರೆ ಅವೂ. ಆಧಾರ್ ಕಾರ್ಡು. ಜೊತೆಗೆ ಮನೆಯವರು ಒಬ್ಬರು ಬಂದರೆ ಒಳ್ಳೆಯದು, ನಿದ್ದೆ ಊಟದ ಲೆಕ್ಕ ಅವರೇ ಸರಿಯಾಗಿ ಹೇಳುತ್ತಾರೆ. ಬೆಳಗ್ಗೆ ಬೇಗ ಹೋಗಿ ಸರ್, ಹನ್ನೊಂದರ ಮೇಲೆ ಸಾಲು ಜಾಸ್ತಿ. ಬೆಂಗಳೂರಿನಲ್ಲಿರುವವರಾದರೆ ನೇರವಾಗಿ ನಿಮ್ಹಾನ್ಸ್ ಒಪಿಡಿಗೇ ಹೋಗಬಹುದು.